ಎಡಗಡೆ ಮುಂದಿನ ಚಕ್ರದ ಸದ್ದು

ಮೊನ್ನೆ ಬೆಳಿಗ್ಗೆ ಸೈಕಲ್ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದೆ. ಅಂಗಡಿಯವರು ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ನನ್ನನ್ನು ಶಿಕಾರಿಪುರದ ಬೀದಿಯಿಂದ ಎತ್ತಿ ಸೊರಬದ ಒಂದು ತಗಡಿನ ಶೆಡ್ಡಿನೊಳಗೆ ಕೂರಿಸಿಬಿಟ್ಟಿತು. ಮಲ್ಲಿಗೆಯ ವಾಸನೆಗೆ ಹೆಂಡತಿ ನೆನಪಾಗುವ ಗಂಡಸರು ಇದ್ದಾರಂತೆ. ನನಗೆ ಗ್ರೀಸಿನ ವಾಸನೆಗೆ ನೆನಪಾಗುತ್ತಾಳೆ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ನಾನು ಬಟ್ಟೆ ಅಂಗಡಿಯವನು. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ನೂಲು ಎಂಥದ್ದೆಂದು ಹೇಳಬಲ್ಲೆ. ಗಾಡಿಯ ವಿಷಯದಲ್ಲಿ ಮಾತ್ರ, ಡೀಸೆಲ್ ಮುಚ್ಚಳ ಯಾವ ಕಡೆಗಿದೆ ಎಂಬಲ್ಲಿಗೆ ನನ್ನ ಜ್ಞಾನ ಮುಗಿಯುತ್ತದೆ. ಆದರೂ ಏಳು ಜನ ಕೂರುವ ದೊಡ್ಡ ಗಾಡಿ ಮನೆಗೆ ಬಂದ ಮೇಲೆ ನನ್ನ ಗತ್ತೇ ಬೇರೆಯಾಗಿತ್ತು. ಒಂದು ಮಳೆಗಾಲ ತಾಳಗುಂದದ ಹತ್ತಿರ ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಬೈಕಿನವರೆಲ್ಲ ನಿಂತು ನೋಡುತ್ತಿದ್ದಾರೆಂಬ ಒಂದೇ ಕಾರಣಕ್ಕೆ ಗಾಡಿಯನ್ನು ನೀರಿಗಿಳಿಸಿ ದಾಟಿಸಿದೆ. ಆಚೆ ಹೋದಮೇಲೆ ಮೀಸೆಯ ಮೇಲೆ ಕೈ ಹೋದದ್ದು ನಿಜ.

ಎರಡು ತಿಂಗಳು ಕಳೆದಿರಬೇಕು. ಗಿರಿಜಾ, ಅಂದರೆ ನನ್ನ ಹೆಂಡತಿ, ಶುರು ಮಾಡಿದಳು.

"ರೀ, ಗಾಡಿ ಎಂತದೋ ಗುಂಯ್ ಅಂತದೆ."

"ಟೈರು ಸವೆದಾವೆ, ಅಷ್ಟೇ."

ಟೈರು ಹೊಸದು ಹಾಕಿಸಿದೆ. ಅವಳು ಮತ್ತೆ ಗುಂಯ್ ಎಂದಳು. ರಸ್ತೆ ಸರಿಯಿಲ್ಲ ಎಂದೆ. ಒಳ್ಳೆಯ ರಸ್ತೆಯಲ್ಲೂ ಗುಂಯ್ ಎಂದಳು. ಆಮೇಲೆ ನಾನು ಕಂಡುಕೊಂಡ ಉಪಾಯವೆಂದರೆ ಹಾಡಿನ ಸದ್ದು ಒಂದಿಷ್ಟು ಏರಿಸುವುದು. ಅವಳು ಏನೋ ಹೇಳುತ್ತಲೇ ಇದ್ದಳು. ನಾನು ತಲೆಯಾಡಿಸುತ್ತಲೇ ಇದ್ದೆ. ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿದ ಮೇಲೆ ತಲೆಯಾಡಿಸುವುದಕ್ಕೆ ಮಾತು ಕೇಳಿಸಲೇಬೇಕೆಂದಿಲ್ಲ.

ಅವಳ ತವರು ಚಂದ್ರಗುತ್ತಿ. ಅವಳ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಹೊರಟಿದ್ದೆವು. ಸೊರಬ ಮುಟ್ಟುವ ಹೊತ್ತಿಗೆ ಆ ಸದ್ದು ಹಾಡನ್ನೂ ಮೀರಿ ಕಾಲಿನ ಕೆಳಗೇ ಗುಡುಗತೊಡಗಿತ್ತು. ಬಸ್ ನಿಲ್ದಾಣದ ಎದುರು ಅವಳು ಗಾಡಿ ನಿಲ್ಲಿಸಲು ಹೇಳಿದಳು. ಮಗುವಿನ ಬಟ್ಟೆಯ ಚೀಲ ಎತ್ತಿಕೊಂಡು ಇಳಿದಳು.

"ನಾನು ಬಸ್ಸಿಗೆ ಹೋಗ್ತೀನಿ. ನೀವು ಇದನ್ನ ತೋರಿಸಿಕೊಂಡು ಬನ್ನಿ. ಮುಂದೆ ಬರೀ ತಿರುವಿನ ರಸ್ತೆ, ನಂಗೆ ಹೆದರಿಕೆ ಆಗ್ತದೆ."

ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಅವಳ ದನಿಯಲ್ಲಿ ಜಗಳವಿರಲಿಲ್ಲ, ನಿಜವಾದ ಹೆದರಿಕೆಯಿತ್ತು. ಬಸ್ಸು ಅವಳನ್ನು ಹತ್ತಿಸಿಕೊಂಡು ಹೋಯಿತು.

ಚಹಾ ಅಂಗಡಿಯವರು ತೋರಿಸಿದ ಶೆಡ್ಡಿನಲ್ಲಿ ಕೆರಿಯಪ್ಪ ಎಂಬ ಮೆಕ್ಯಾನಿಕ್ ಒಬ್ಬರೇ ಇದ್ದರು. ಅರವತ್ತರ ಆಸುಪಾಸಿನ ಮನುಷ್ಯ. ನನ್ನ ಮಾತನ್ನು ಅವರು ಕೈಯೆತ್ತಿ ತಡೆದರು.

"ಎದುರಿಗೆ ನಿಂತು ನಿಧಾನ ಹೇಳಿ ಮಾರಾಯ್ರೆ. ಕಿವಿ ಕೇಳಲ್ಲ. ತುಟಿ ನೋಡಿ ತಿಳ್ಕೋತೀನಿ."

ಸದ್ದು ಹುಡುಕಬೇಕಾದವರಿಗೆ ಕಿವಿಯೇ ಇಲ್ಲ! ಬೇರೆ ಗ್ಯಾರೇಜಿಗೆ ಹೋಗೋಣವೆಂದು, ಆಗಲೇ ಅವರ ಕೈಗೆ ಕೊಟ್ಟಿದ್ದ ಕೀಲಿ ಹಿಂದಕ್ಕೆ ಪಡೆಯಲು ಕೈ ಚಾಚಿದ್ದೆ. ಅವರಿಗೆ ಅರ್ಥವಾಯಿತು. ಇಂಥ ಕೈಗಳನ್ನು ಎಷ್ಟು ನೋಡಿದ್ದರೋ. ಮುಖ ಸಣ್ಣದಾದರೂ ಮೆಲ್ಲಗೆ ಕೇಳಿದರು: "ಯಾವ ಕಡೆ ತಿರುಗಿಸಿದ್ರೆ ಸದ್ದು ಜೋರಾಗ್ತದೆ? ಅದೊಂದು ಹೇಳಿ."

ನನಗೆ ಗೊತ್ತಿರಲಿಲ್ಲ. ಎರಡು ಕಿವಿಯೂ ನೆಟ್ಟಗಿರುವ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಗಿರಿಜೆಗೆ ಫೋನು ಮಾಡಿದೆ.

"ಬಲಕ್ಕೆ ತಿರುಗಿಸಿದ್ರೆ ಜೋರು, ಎಡಕ್ಕೆ ತಿರುಗಿಸಿದ್ರೆ ಕಮ್ಮಿ," ಅವಳು ಬಸ್ಸಿನೊಳಗಿಂದ ಥಟ್ಟನೆ ಹೇಳಿದಳು. "ಮೂರು ಸಲ ಹೇಳಿದೀನಲ್ರೀ ನಿಮಗೆ."

ಅದನ್ನೇ ಕೆರಿಯಪ್ಪನವರಿಗೆ ದಾಟಿಸಿದೆ. ಅವರ ಮುಖ ಅರಳಿತು. "ಅರ್ಧ ಕೆಲಸ ಅಮ್ಮಾರೇ ಮಾಡಿಕೊಟ್ರಲ್ಲ! ಬಲಕ್ಕೆ ತಿರುಗಿದ್ರೆ ಭಾರ ಎಡಗಡೆ ಬೀಳ್ತದೆ. ಎಡಗಡೆ ಮುಂದಿನ ಚಕ್ರದ ಬೇರಿಂಗ್ ಹೋಗಿರಬೇಕು."

ಜಾಕ್ ಹಾಕಿ ಗಾಡಿ ಎತ್ತಿದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಅದು ಸಡಿಲ ಹಲ್ಲಿನಂತೆ ಆಡಿತು. ನನ್ನ ಅಂಗೈಯನ್ನು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಇಡಿಸಿ ಚಕ್ರ ತಿರುಗಿಸಿದರು. ಮರಳು ಬೀಸುವ ಕಲ್ಲಿನ ಮೇಲೆ ಕೈ ಇಟ್ಟಂತಾಯಿತು. ಬಲಗಡೆಯ ಚಕ್ರಕ್ಕೂ ಹಾಗೇ ಮಾಡಿಸಿದರು. ಅದು ಏನೂ ಹೇಳಲಿಲ್ಲ.

"ಕಿವಿ ಹೋದ್ಮೇಲೆ ಇದೇ ನನ್ನ ಕಿವಿ," ಎಂದು ಕಪ್ಪಗಾದ ಬೆರಳು ತೋರಿಸಿದರು.

ಮೂರು ಗಂಟೆಯ ಕೆಲಸ. ಹಳೆಯ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಬಿಡಿಸಿದಾಗ ಒಳಗೆ ಗ್ರೀಸಿನ ಬದಲು ಕೆಂಪು ತುಕ್ಕಿನ ನೀರು. ಗುಂಡುಗಳ ಮೈಯೆಲ್ಲ ಕಜ್ಜಿ ಬಿದ್ದಂತೆ. "ನೀರಲ್ಲಿ ಇಳಿಸಿದ್ರಾ?" ಎಂದರು. ತಾಳಗುಂದದ ನನ್ನ ಪರಾಕ್ರಮವನ್ನು ಒಪ್ಪಿಕೊಂಡೆ. "ಇನ್ನೊಂದಿಷ್ಟು ದಿನ ಓಡಿಸಿದ್ರೆ ತಿರುವಿನಲ್ಲಿ ಚಕ್ರ ಕೈ ಕೊಡೋದು ಮಾರಾಯ್ರೆ." ನಾನು ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಳಿತುಬಿಟ್ಟೆ. ಅವಳು ಹೆದರಿದ್ದ ಆ ತಿರುವಿನ ರಸ್ತೆ ಕಣ್ಣ ಮುಂದೆ ಬಂತು.

ಹೊಸ ಬೇರಿಂಗನ್ನು ಸುತ್ತಿಗೆ ಮುಟ್ಟಿಸದೆ, ಪ್ರೆಸ್ಸಿನಲ್ಲೇ ಮೆಲ್ಲಗೆ ಕೂರಿಸುತ್ತ ಕೆರಿಯಪ್ಪ ತಾವಾಗಿ ಮಾತಾಡಿದರು.

"ನನ್ನ ಮನೆಯವಳೂ ಹೇಳ್ತಿದ್ಲು, ಕಿವಿ ತೋರಿಸಿಕೊಳ್ಳಿ, ಕರೆದ್ರೆ ಓ ಅನ್ನಲ್ಲ ನೀವು ಅಂತ. ನಾನು ಟೀವಿ ಸದ್ದು ಜಾಸ್ತಿ ಮಾಡ್ಕೊಂಡು ಕೂತೆ. ಈಗ ಅವಳು ಬೆನ್ನು ತಿರುಗಿಸಿ ಮಾತಾಡಿದ್ರೆ ನಂಗೆ ಏನೂ ಗೊತ್ತಾಗಲ್ಲ. ಅವಳೇ ಪಾಪ, ಒಲೆ ಮುಂದಿದ್ರೂ ಕೈಕೆಲಸ ಬಿಟ್ಟು ಎದುರಿಗೆ ಬಂದು ಹೇಳ್ತಾಳೆ."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅವರು ಚಕ್ರದ ಕಡೆಗೆ ತಿರುಗಿದ್ದರು, ಹೇಳಿಯೂ ಪ್ರಯೋಜನವಿರಲಿಲ್ಲ.

ಸಂಜೆ ಚಂದ್ರಗುತ್ತಿ ಸೇರಿದಾಗ ನಾಮಕರಣ ಮುಗಿದಿತ್ತು. ಗಿರಿಜಾ ಬಾಳೆಲೆಯಲ್ಲಿ ನನ್ನ ಪಾಲಿನ ಹೋಳಿಗೆ ಮುಚ್ಚಿಟ್ಟಿದ್ದಳು. "ನೀನು ಹೇಳಿದ್ದೇ ಸರಿ" ಎಂದೆ. ನಮ್ಮ ಮನೆಯಲ್ಲಿ ಆ ವಾಕ್ಯ ಅಪರೂಪವಾದ್ದರಿಂದ ಅವಳು ನನ್ನ ಹಣೆ ಮುಟ್ಟಿ ಜ್ವರವಿದೆಯೇ ನೋಡಿದಳು.

ಇದೆಲ್ಲ ನಡೆದು ನಾಲ್ಕೈದು ವರ್ಷವಾಯಿತು. ಮೊನ್ನೆ ಸೈಕಲ್ ಅಂಗಡಿಯನ್ನು ದಾಟಿ ನಾವು ಹೋಗುತ್ತಿದ್ದದ್ದು ಡಾಕ್ಟರ ಬಳಿಗೆ. ಗಿರಿಜಾ ಪಕ್ಕದಲ್ಲೇ ನಡೆಯುತ್ತಿದ್ದಳು, ಒಂದಿಷ್ಟು ಸುಸ್ತಿಗೆಲ್ಲ ಡಾಕ್ಟರು ಯಾಕೆಂದು ಗೊಣಗುತ್ತ. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿರುವಂತಿದೆ, ಪರೀಕ್ಷೆ ಮಾಡೋಣ ಎಂದರು. "ಸುಸ್ತು ಯಾವಾಗಿನಿಂದಮ್ಮ?"

ಅವಳು ಯೋಚಿಸುವಷ್ಟರಲ್ಲಿ ನಾನೇ ಹೇಳಿದೆ: "ಹನ್ನೊಂದು ದಿನ ಆತು ಸಾರ್. ಮೆಟ್ಟಿಲು ಹತ್ತುವಾಗ ಜಾಸ್ತಿ. ಐದನೇ ಮೆಟ್ಟಿಲಲ್ಲಿ ನಿಂತು ಉಸಿರು ತಗೋತಾಳೆ. ಕೇಳಿದ್ರೆ ಸೆರಗು ಸರಿ ಮಾಡ್ತಿದೀನಿ ಅಂತಾಳೆ."

ಗಿರಿಜಾ ಕುರ್ಚಿಯಲ್ಲಿ ಪೂರ್ತಿ ನನ್ನ ಕಡೆಗೆ ತಿರುಗಿ ಕುಳಿತಳು.