ದೀಪ ದೊಡ್ಡದು ಮಾಡಬ್ಯಾಡ

ಸುನಂದಾ, ನಿನ್ನ ಆಯಿಗೆ ಬೆಳಕು ಬೇಡವಾಗಿರಲಿಲ್ಲ. ಅದು ನಾನು ಹೇಳಿದ ಸುಳ್ಳು. ಮಾತು ಅವಳದೇ — ಅದರ ಅರ್ಥವನ್ನು ಮಾತ್ರ ನಾನು ತಿರುಚಿದೆ.

ರಾಣೆಬೆನ್ನೂರಿನ ಆ ವೃದ್ಧಾಶ್ರಮದಲ್ಲಿ ಮರೆವಿನ ಕಾಯಿಲೆಯವರ ಕೋಣೆ ನನ್ನ ಪಾಲಿಗಿತ್ತು. ಹಗಲೆಲ್ಲ ಅವರನ್ನು ಕಿಟಕಿಯ ಬೆಳಕಿನಲ್ಲಿ ಕೂಡಿಸಬೇಕು, ಹೊತ್ತು ಮುಳುಗುವ ಮೊದಲೇ ಲೈಟು ಹಚ್ಚಬೇಕು, ನೆರಳು ಕಂಡರೆ ಅಂಜುತ್ತಾರೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ. ಆದರೆ ಸಂಜೆಯಾದರೆ ಸಾಕು, ಗಂಗವ್ವ — ನಿನ್ನ ಅಜ್ಜಿ, ನಿನ್ನ ಆಯಿ — ತನ್ನ ಊರು ಮೋಟೆಬೆನ್ನೂರಿಗೆ ಹೊರಟು ನಿಲ್ಲುತ್ತಿದ್ದಳು. ಎಮ್ಮೆ ಹಿಂಡಬೇಕು, ಬಾಗಿಲು ತೆಗಿ ಎಂದು ಒಂದೇ ಸಮನೆ ದುಂಬಾಲು. ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಒಂದು ಸಂಜೆ ಸಿಟ್ಟಿಗೆದ್ದು ಲೈಟು ಆರಿಸಿಬಿಟ್ಟೆ. ಕೋಣೆ ಗಪ್ಪಾಯಿತು. ಹೆದರಿ ಮುದುಡಿಕೊಂಡವರನ್ನು ಮಲಗಿದರು ಎಂದುಕೊಂಡೆ — ಇಲ್ಲ, ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಆಮೇಲೆ ಅದೇ ರೂಢಿಯಾಯಿತು.

ನನ್ನ ಕೈ ಸ್ವಿಚ್ಚಿನತ್ತ ಹೋದಾಗಲೆಲ್ಲ ಅವಳು ಕೈ ಮುಗಿಯುತ್ತಿದ್ದಳು. "ಯವ್ವಾ, ದೀಪ ದೊಡ್ಡದು ಮಾಡಬ್ಯಾಡ."

ನಿನಗೆ ಈ ಮಾತು ಗೊತ್ತಿಲ್ಲ; ನೀನು ಸ್ವಿಚ್ಚಿನ ಕಾಲದವಳು. ಹಿಂದಿನವರು 'ದೀಪ ಆರಿಸು' ಎನ್ನುತ್ತಿರಲಿಲ್ಲ, ಅದು ಅಶುಭ. ಆರಿಸಬೇಕಾದಾಗ 'ದೀಪ ದೊಡ್ಡದು ಮಾಡು' ಎನ್ನುತ್ತಿದ್ದರು. ನಿನ್ನನ್ನು ಸಾಕಿದ ಕಾಲದ ಮಾತುಗಳನ್ನೆಲ್ಲ ಮರೆತ ಆಯಿಗೆ ಎಳೆತನದ ಈ ಮಾತು ಮರಳಿ ಬಂದಿತ್ತು. ಕರ್ಜಗಿಯಲ್ಲಿ ನನ್ನ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು. ಆರಿಸಬೇಡ ಎಂದು ನಿನ್ನ ಆಯಿ ಬೇಡುತ್ತಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆರಿಸುತ್ತಿದ್ದೆ.

ಬಚ್ಚಲ ಬಾಗಿಲಲ್ಲಿ ಕಾಲೊರೆಸುವ ಕರಿ ಹಾಸು ಇತ್ತು. ಒಂದು ರಾತ್ರಿ ಮಬ್ಬಿನಲ್ಲಿ ಅವಳಿಗೆ ಅದು ಬಾವಿಯಂತೆ ಕಂಡಿತು. ಅದನ್ನು ತಪ್ಪಿಸಿ ಗೋಡೆಗೆ ಒತ್ತಿಕೊಂಡು ದಾಟಲು ಹೋಗಿ ಬಿದ್ದಳು. ಸೊಂಟ ಮುರಿಯಿತು.

ಹಾವೇರಿಯ ಆಸ್ಪತ್ರೆಗೆ ಓಡಿ ಬಂದ ನೀನು ಜಗಳವಾಡಲಿಲ್ಲ, ಸುಮ್ಮನೆ ಕೇಳಿದೆ. "ಲೈಟ್ ಯಾಕ ಹಚ್ಚಿರಲಿಲ್ಲರಿ ಅಕ್ಕಾರ?"

"ಆಯಿನ ಬ್ಯಾಡ ಅಂತಿದ್ರವಾ. ದೀಪ ದೊಡ್ಡದು ಮಾಡಬ್ಯಾಡ ಅಂತ ದಿನಾ ಕೈ ಮುಗೀತಿದ್ರು."

"ಬೆಳಕ ಕಣ್ಣಿಗೆ ಚುಚ್ಚತಿತ್ತೇನೋ, ಪಾಪ," ಎಂದು ನೀನು ಕಣ್ಣೊರೆಸಿಕೊಂಡೆ. ಆಯಿ ಆಡಿದ ಮಾತನ್ನೇ ಹೇಳಿದ್ದೇನಲ್ಲ ಎಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಎಂಥ ನೀಚ ಸಮಾಧಾನ ಅದು!

ಅಷ್ಟಕ್ಕೇ ಮುಗಿದಿದ್ದರೆ — ಆದರೆ ನೀನು ಅವಳನ್ನು ಬ್ಯಾಡಗಿಯ ನಿನ್ನ ಮನೆಗೆ ಕರೆದೊಯ್ದೆ. ನಾನು ನೋಡಲು ಬಂದದ್ದು ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಮೆಣಸಿನಕಾಯಿ ಬಿಸಿಲಿಗೆ ಹರವಿತ್ತು. ಒಳಗೆ ಕಿಟಕಿಗೆಲ್ಲ ನೀನೇ ಹೊಲಿದ ದಪ್ಪ ಪರದೆ. ನನಗಾಗಿ ಬಲ್ಬು ಹಚ್ಚಿದೆ. ಚಹಾ ಕೊಟ್ಟು ಮತ್ತೆ ಸ್ವಿಚ್ಚಿಗೆ ಕೈ ಹಾಕಿದಾಗ ಹಾಸಿಗೆಯಿಂದ ಎರಡು ಕೈ ಮೇಲೆದ್ದವು. "ದೀಪ ದೊಡ್ಡದು ಮಾಡಬ್ಯಾಡ ಯವ್ವಾ…"

"ಇಲ್ಲ ಆಯಿ, ಮಾಡೂದಿಲ್ಲ," ಎಂದು ಅವಳ ಹಣೆ ಸವರಿ, ನೀನು ಬಲ್ಬು ಆರಿಸಿದೆ.

ಆಗಲೇ ಬಾಯಿ ಬಿಡಬೇಕಿತ್ತು. ಕತ್ತಲಲ್ಲಿ ಅವಳು ಸಣ್ಣಗೆ ಅಳುತ್ತಿದ್ದಳು. ನೋವಿರಬೇಕು ಎಂದೆ ನೀನು. ನಾನು ಹೂಂ ಎಂದೆ. ಚಹಾ ಮುಗಿಸಿ ಬಸ್ಸು ಹಿಡಿದೆ. ಆ ಬೇಸಿಗೆ ಕಳೆಯುವುದರೊಳಗೆ ಅವಳು ಹೋದಳು — ಅದೇ ಕೋಣೆಯಲ್ಲಿ.

ವರ್ಷಗಟ್ಟಲೆ ಬಚ್ಚಿಟ್ಟುಕೊಂಡೆ. ಸಾಯುವ ತನಕ ಬಚ್ಚಿಡುತ್ತಿದ್ದೆನೇನೋ. ಮೊನ್ನೆ ನೀನು ಫೋನಿನಲ್ಲಿ ಅಂದೆ: "ಮಗ್ಗಲ ಮನಿ ಅಜ್ಜಗೂ ಮರವು ಚಾಲೂ ಆಗೇತ್ರಿ ಅಕ್ಕಾರ. ನಮ್ಮ ಆಯಿಗೆ ಹಾಕಿದ್ದ ಪರದೆ ಅವ್ರಿಗೆ ಕೊಟ್ಟೇನಿ. ಆಯಿ ಕೇಳಿದ್ದ ಅದೊಂದರ ನಡಿಸಿಕೊಟ್ಟೆ ಅಂತ ನನಗ ಸಮಾಧಾನ ಐತ್ರಿ."

ಆ ಪರದೆ ಇಂದೇ ತೆಗೆಸು, ತಂಗಿ. ಆ ಅಜ್ಜನನ್ನು ಬೆಳಕಿಗೆ ಕೂಡಿಸಲಿ. ನಿನಗೆ ಉಳಿದಿದ್ದ ಒಂದು ಸಮಾಧಾನವನ್ನೂ ನಾನು ಕಿತ್ತುಕೊಳ್ಳುತ್ತಿದ್ದೇನೆ ಎಂದು ಗೊತ್ತು. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಆಯಿ ನಿನ್ನಲ್ಲಿ ಬೇಡುತ್ತಿದ್ದದ್ದು ಬೆಳಕನ್ನು, ಸುನಂದಾ.