ಬೋಣಿಗೆ ಕೇಳಿದ ಅಂಗಡಿ

ಎರಡು ವರ್ಷದ ಹಿಂದಿನ ಮೇ ತಿಂಗಳು. ಶಾಲೆ ಶುರುವಾಗಲು ಇನ್ನೂ ಇಪ್ಪತ್ತು ದಿನವಿತ್ತು. ದೋರನಹಳ್ಳಿಯಲ್ಲಿ ನನ್ನದೊಂದು ಬಳೆ ಅಂಗಡಿ. ಅದರ ಕಟ್ಟೆಯ ಮೇಲೆ ಮಾದೇವಿ ಕಾಲಿನಿಂದ ತುಳಿಯುವ ಹೊಲಿಗೆ ಮಷೀನು ಇಟ್ಟುಕೊಂಡು ಜಂಪರು, ಲಂಗ ಹೊಲಿಯುತ್ತಾಳೆ. ಓದು ಬಾರದು. ಫೋನಿನಲ್ಲಿ ಏನೇ ಬಂದರೂ ನನ್ನ ಕೈಗೆ ಕೊಟ್ಟು ಓದಿಸುತ್ತಾಳೆ.

ಆ ವರ್ಷ ಊರಿನ ಖಾಸಗಿ ಶಾಲೆಯವರು ಮೊದಲ ಸಲ ಅವಳಿಗೆ ಮಕ್ಕಳ ಸಮವಸ್ತ್ರ ಹೊಲಿಯಲು ಕೊಟ್ಟಿದ್ದರು. ಹೊತ್ತಿಗೆ ಸರಿಯಾಗಿ ಮುಗಿಸಿದರೆ ಪ್ರತಿ ವರ್ಷವೂ ಅವಳಿಗೇ ಎಂದಿದ್ದರು. ಕಾಲಿನ ಮಷೀನಿನಲ್ಲಿ ಅಷ್ಟು ಬಟ್ಟೆ ಆಗುವಂತಿರಲಿಲ್ಲ.

ಒಂದು ಮಧ್ಯಾಹ್ನ ಫೋನು ಹಿಡಿದು ಬಂದಳು. "ಅಕ್ಕಾ, ಈ ಮೋಟಾರ್ ಮಷೀನ್ ನೋಡು. ಶಹಾಪುರದಾಗ ಕೇಳಿದ ರೇಟಿನ ಅರ್ಧಾನೂ ಇಲ್ಲ. ಖರೇ ಇರ್ತದೇನು?"

ನಾನು ನೋಡದೇ ಹೇಳಿದವಳಲ್ಲ. ಆ ಆನ್‌ಲೈನ್ ಅಂಗಡಿಯ ಪುಟ ಪೂರ್ತಿ ಓದಿದೆ. ಕೆಳಗೆ ಯಾದಗಿರಿಯ ವಿಳಾಸವಿತ್ತು. ಐದು ಜನ ಹೊಗಳಿ ಬರೆದಿದ್ದರು. ಐವರ ಮಾತೂ ಅಕ್ಷರಕ್ಕೆ ಅಕ್ಷರ ಒಂದೇ. ಕಣ್ಣಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ಪುಟದಲ್ಲಿದ್ದ ನಂಬರಿಗೆ ನನ್ನ ಫೋನಿನಿಂದ ಕರೆ ಮಾಡಿದೆ. ಅಂಗಡಿಯವನೇ ಎಂದು ಒಬ್ಬ ಮಾತಾಡಿದ. ನನ್ನದೂ ಅಂಗಡಿ ಎಂದು ಮಾತಿನ ನಡುವೆ ನಾನೇ ಹೇಳಿದೆ. ಸಾಮಾನು ಬಂದ ಮೇಲೆ ಹಣ ಕೊಡಬಹುದೇ ಎಂದು ಕೇಳಿದ್ದಕ್ಕೆ, ಇಲ್ಲ, ಪೂರ್ತಿ ಮೊದಲೇ ಹಾಕಬೇಕು ಎಂದ. ಮನಸ್ಸು ಹಿಂದೆಗೆಯಿತು. "ಎರಡು ದಿನ ತಡಿ" ಎಂದು ಮಾದೇವಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆದು ಊದಿನಕಡ್ಡಿ ಹಚ್ಚುತ್ತಿದ್ದಾಗ ಅವನೇ ಫೋನು ಮಾಡಿದ.

"ಅಕ್ಕಾರ, ಶರಣ್ರಿ. ಈಗ ಬಾಗಲಾ ತೆಗದೀನ್ರಿ, ಇನ್ನಾ ಬೋಣಿಗಿ ಆಗಿಲ್ಲ. ನಿಮ್ಮ ಕೈಲೇ ಆಗ್ಲಿ. ಮೊದಲನೇ ಗಿರಾಕಿ ಒಲ್ಲೆ ಅಂದ್ರ ದಿನಾನೇ ಕೆಡ್ತದ, ನಿಮಗ ಗೊತ್ತೇ ಅದಲ್ರಿ."

ಈ ಮಾತು ಎಲ್ಲಿ ನಾಟುತ್ತದೆ ಎಂಬುದು ಅಂಗಡಿ ಇಟ್ಟವರಿಗೆ ಗೊತ್ತು. ಬೆಳಗಿನ ಮೊದಲ ವ್ಯಾಪಾರ ಮುರಿಯಬಾರದೆಂದು ನಾನು ಎಷ್ಟೋ ಸಲ ಅಸಲಿಗಿಂತ ಕಡಿಮೆಗೆ ಬಳೆ ಕೊಟ್ಟು ಕಳಿಸಿದ್ದೇನೆ. ಇನ್ನೊಬ್ಬರ ಬೋಣಿಗೆಯನ್ನು ನನ್ನ ಬಾಯಿಂದ ಕೆಡಿಸಲು ಆಗಲಿಲ್ಲ. ಹೀಗೆ ಮಾತಾಡುವವನು ಅಂಗಡಿಯವನೇ ಇರಬೇಕು ಎಂದುಕೊಂಡೆ.

"ಹಾಕೂಣೇನಕ್ಕಾ?" ಎಂದಳು ಮಾದೇವಿ.

"ಹಾಕೂಣು. ಖರೇ ಅದ" ಎಂದೆ. ಅವಳು ಕೂಡಿಟ್ಟ ದುಡ್ಡು ತಂದು ಕೊಟ್ಟಳು. ನನ್ನ ಫೋನಿನಿಂದಲೇ ಕಳಿಸಿದೆ.

ಮೊದಲ ದಿನ "ಗಾಡಿ ಹೊಂಟದ್ರಿ" ಎಂದ. ಆಮೇಲೆ ಫೋನು ಎತ್ತಲಿಲ್ಲ. ಆರನೇ ದಿನಕ್ಕೆ ಫೋನು ಬಂದ್ ಆಯಿತು. ಒಂಬತ್ತನೇ ದಿನ ನಾವಿಬ್ಬರೂ ಬಸ್ ಹತ್ತಿ ಯಾದಗಿರಿಗೆ ಹೋದೆವು.

ಕೇಳಿಕೊಂಡು ಹೋದ ಆ ವಿಳಾಸದಲ್ಲಿ ಇದ್ದದ್ದು ಹಿಟ್ಟಿನ ಗಿರಣಿ. ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಮುದುಕನೊಬ್ಬ ನಾವು ಬಾಯಿ ತೆರೆಯುವ ಮೊದಲೇ ಕೇಳಿದ.

"ಮಷೀನ್ ಹುಡಕಾಕ ಬಂದೀರೇನು?"

"ಹೌದ್ರಿ" ಎಂದೆ.

"ನೀವು ಆರನೇದವ್ರು. ನಿನ್ನಿ ಸುರಪುರದಿಂದ ಇಬ್ರು ಬಂದು ನನ್ನ ಮ್ಯಾಲೇ ಏರಿ ಬಂದ್ರು. ಯವ್ವಾ, ನಾ ಮೂವತ್ತು ವರ್ಷದಿಂದ ಜ್ವಾಳ ಬೀಸಾಂವ. ನೋಡ್ರಿ, ಬೋರ್ಡ್ ಸುದ್ದಾ ಬರಸೀನಿ. ಅದನ್ನ ಓದಿ ಆದಮ್ಯಾಲೂ ಒಳಗ ಇಣಕಿ ನೋಡ್ತಾರ, ಹಿಟ್ಟಿನಾಗ ಮುಚ್ಚಿಟ್ಟೀನೇನೋ ಅನ್ನೋಹಂಗ!" ಎಂದು ನಕ್ಕ.

ಮಾದೇವಿ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು. "ಬೋರ್ಡಿನಾಗ ಏನ್ ಬರದಾರಕ್ಕಾ?"

ನಾನು ಓದಿ ಹೇಳಬೇಕಾಯಿತು. 'ಇಲ್ಲಿ ಹೊಲಿಗೆ ಮಷೀನಿನ ಅಂಗಡಿ ಇಲ್ಲ. ಮೋಸ ಹೋಗಬೇಡಿ.'

ಮುದುಕನ ನಗು ನಿಂತಿತು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟ. "ಪೊಲೀಸ್ರಿಗೆ ಬರದು ಕೊಡ್ರಿ. ಬಂದವ್ರು ನನಗ ಬೈದು ಹೋಗ್ತಾರ, ಅಲ್ಲಿಗೆ ಯಾರೂ ಹೋಗಂಗಿಲ್ಲ" ಎಂದ.

ನಾವು ಹೋದೆವು. ಬರೆದುಕೊಂಡ ಪೊಲೀಸರು, ಹಣ ಹೋದ ಕೂಡಲೇ ತಿಳಿಸಿದ್ದರೆ ಬ್ಯಾಂಕಿನಲ್ಲೇ ತಡೆಯಲು ನೋಡಬಹುದಿತ್ತು, ಈಗ ಕಷ್ಟ ಎಂದರು. ಹಣ ಇಂದಿಗೂ ಬಂದಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಯಾದಗಿರಿ ನಮ್ಮೂರಿಂದ ಮುಕ್ಕಾಲು ಗಂಟೆ. ಹಣ ಹಾಕುವ ಮೊದಲು ಇದೇ ಬಸ್ಸು ಹತ್ತಬಹುದಿತ್ತು. "ದುಡ್ಡು ನಾ ತುಂಬಿ ಕೊಡ್ತೀನಿ" ಎಂದೆ.

"ನೀ ತಿಂದೀಯೇನು? ಗುಂಡಿ ಹಚ್ಚಾಕ ಬಾ, ಅಷ್ಟು ಸಾಕು" ಎಂದಳು ಮಾದೇವಿ.

ಹಳೆಯ ಮಷೀನನ್ನೇ ತುಳಿದಳು. ಕಾಲು ಬಾತುಕೊಂಡವು. ಪಕ್ಕದಲ್ಲಿ ಕೂತು ನಾನು ಗುಂಡಿ ಹಚ್ಚಿದೆ. ಶಾಲೆ ಶುರುವಾಗುವ ಹೊತ್ತಿಗೆ ಅರ್ಧಕ್ಕಿಂತ ತುಸು ಹೆಚ್ಚು ಮುಗಿದಿತ್ತು. ಉಳಿದ ಬಟ್ಟೆಯನ್ನು ಶಾಲೆಯವರು ಶಹಾಪುರದ ದರ್ಜಿಗೆ ಕೊಟ್ಟರು. ಮರುವರ್ಷ ಇವಳನ್ನು ಕೇಳಲೂ ಇಲ್ಲ.

ಹೋದ ತಿಂಗಳು ಮಾದೇವಿ ಮತ್ತೆ ಫೋನು ತಂದಳು. ಯಾವುದೋ ಅಂಗಡಿಯ ಕೂಲರು, ಬೆಲೆ ಕಡಿಮೆ. ಅವಳು ಇಂದಿಗೂ ನನ್ನನ್ನೇ ಕೇಳುತ್ತಾಳೆ ಎನ್ನುವುದೇ ನನಗೆ ದೊಡ್ಡ ಭಾರ. ಬಹಳ ಹೊತ್ತು ನೋಡಿದೆ. ಚಿತ್ರ ಚೆನ್ನಾಗಿತ್ತು, ವಿಳಾಸವೂ ಇತ್ತು.

"ನನಗ ತಿಳಿವಲ್ದು, ಮಾದೇವಿ" ಎಂದೆ.

"ಹಂಗಾರ ಬ್ಯಾಡ ಬಿಡು" ಎಂದು ಹೊಲಿಗೆಗೆ ಕೂತಳು.

ಅಷ್ಟೇ. ಇಷ್ಟು ಸಣ್ಣ ಮಾತು ಅವತ್ತು ನನ್ನ ಬಾಯಿಗೆ ಯಾಕೆ ಬರಲಿಲ್ಲವೋ.