ರಿಫಾದ ಮೇಲೆ ಬೀಳದ ಚುಕ್ಕಿ

೨೦೧೦ರ ಆಸುಪಾಸು. ಬಹರೈನಿನ ಒಂದು ಖಾಸಗಿ ಸರ್ವೆ ಕಂಪನಿಯಲ್ಲಿ ನಾನು ಮ್ಯಾಪಿಂಗ್ ವಿಭಾಗದ ಹಿರಿಯ ಉದ್ಯೋಗಿ. ಯಾವ ನಾಡಿನವರು ಯಾವ ಬಡಾವಣೆಯಲ್ಲಿ ಎಷ್ಟು ಜನ ಇದ್ದಾರೆಂದು ನಕ್ಷೆಯ ಮೇಲೆ ತೋರಿಸುವುದು ನನ್ನ ಕೆಲಸ. ಆಗ ಕರಾವಳಿಯ ಉದ್ಯಮಿಯೊಬ್ಬರು ನಮ್ಮೂರವರಿಗಾಗಿ ಉಚಿತ ಆರೋಗ್ಯ ವ್ಯಾನ್ ಓಡಿಸಲು ಹೊರಟಿದ್ದರು. ಸಕ್ಕರೆ, ಬಿಪಿ ಪರೀಕ್ಷಿಸಿ, ಗಾಯಕ್ಕೆ ಪಟ್ಟಿ ಕಟ್ಟಿ, ಬೇಕಾದರೆ ಆಸ್ಪತ್ರೆಗೂ ಕರೆದೊಯ್ಯುವ ಏರ್ಪಾಟು. ವ್ಯಾನ್ ಎಲ್ಲೆಲ್ಲಿ ನಿಲ್ಲಬೇಕೆಂದು ನಮ್ಮ ನಕ್ಷೆ ಹೇಳಬೇಕಿತ್ತು.

ನಮ್ಮ ಮನೆ ವಿಲ್ಲಾಗಳೇ ತುಂಬಿದ ರಿಫಾ ಪಟ್ಟಣದಲ್ಲಿ. ಪಕ್ಕದ ವಿಲ್ಲಾದಲ್ಲಿ ಅಡುಗೆಗಿದ್ದ ಉಳ್ಳಾಲದ ಮೈಮೂನಾ ಕಸ ಹಾಕಲು ಬಂದಾಗ ಮಾತ್ರ ಸಿಗುತ್ತಿದ್ದಳು. ಅವಳ ಮನೆಮಾತು ಬ್ಯಾರಿ, ನನ್ನದು ಕೊಂಕಣಿ, ಪಟ್ಟಾಂಗವೆಲ್ಲ ಕನ್ನಡದಲ್ಲಿ. ಕೊಂಕಣಿ ಹೆಂಗಸರನ್ನು ಊರಲ್ಲಿ ಕರೆಯುವಂತೆ ನನ್ನನ್ನು 'ಬಾಯಿ' ಎನ್ನುತ್ತಿದ್ದಳು.

"ಬಾಯಿ, ಕಾಲಿನ ಗಾಯ ಒಣಗುದೇ ಇಲ್ಲ ಮಾರಾಯ್ರೆ. ಸಕ್ಕರೆ ಇರ್ಬೇಕು, ನಮ್ಮ ಉಮ್ಮನಿಗೂ ಉಂಟು."

"ಆಸ್ಪತ್ರೆಗೆ ಹೋಗು ಮಾರಾಯ್ತಿ!"

"ಮಾಮಾ ಬಿಡ್ಬೇಕಲ್ಲ?"

ಮಾಮಾ ಎಂದರೆ ಮನೆಯೊಡತಿ. ನಾನೇ ಹೋಗಿ ಬೆಲ್ ಒತ್ತಿ ಕೇಳಿದೆ. "ನಾವು ನೋಡಿಕೊಳ್ಳುತ್ತೇವೆ" ಎಂದು ಆಕೆ ನಗುತ್ತಲೇ ಬಾಗಿಲು ಹಾಕಿಕೊಂಡರು. ವ್ಯಾನ್ ನಮ್ಮ ಓಣಿಗೆ ಬಂದರೆ ಕಸದ ನೆಪದಲ್ಲಾದರೂ ಮೈಮೂನಾ ನರ್ಸಿಗೆ ಕಾಲು ತೋರಿಸಬಹುದಿತ್ತು. "ನಮ್ಮ ಆಫೀಸಿನವರು ಜನ ಎಣಿಸ್ತಿದ್ದಾರೆ, ವ್ಯಾನ್ ಬರ್ತದೆ, ತಡಿ" ಎಂದು ಅವಳಿಗೆ ಹೇಳಿದೆ.

ನಕ್ಷೆಯ ನಿಯಮ ಸರಳ. ಒಂದು ಬ್ಲಾಕಿನಲ್ಲಿ ನಮ್ಮವರು ಐವತ್ತು ಜನರಿದ್ದರೆ ಒಂದು ಚುಕ್ಕಿ, ಚುಕ್ಕಿ ಬಿದ್ದಲ್ಲಿ ವ್ಯಾನ್. ಬುಸೈತೀನ್ ಎಂಬ ಬಡಾವಣೆಯ ಫ್ಲ್ಯಾಟುಗಳ ಮೇಲೆ ಚುಕ್ಕಿಗಳು ಕಿಕ್ಕಿರಿದವು. ರಿಫಾದಲ್ಲಿ ನಮ್ಮಂಥ ನಾಲ್ಕಾರು ಸಂಸಾರ ಬಿಟ್ಟರೆ ಉಳಿದವರು ವಿಲ್ಲಾಕ್ಕೊಬ್ಬಳಂತೆ ಚದುರಿದ ಮನೆಗೆಲಸದ ಹೆಂಗಸರು. ಎಲ್ಲರನ್ನೂ ಕೂಡಿಸಿದರೆ ಬುಸೈತೀನಿಗಿಂತ ಹೆಚ್ಚೇ. ಆದರೆ ಯಾವ ಒಂದು ಬ್ಲಾಕಿನಲ್ಲೂ ಐವತ್ತು ತುಂಬಲಿಲ್ಲ. ನಕ್ಷೆಯಲ್ಲಿ ರಿಫಾ ಬಟ್ಟಬಯಲು.

ರಿಫಾವನ್ನು ಒಟ್ಟಾಗಿ ಲೆಕ್ಕ ಹಾಕಿ ಎಂದು ನಮ್ಮ ಮ್ಯಾನೇಜರ್ ಹತ್ತಿರ ಜಗಳವನ್ನೇ ಆಡಿದೆ. ಅವರು ಬೆಂಗಳೂರಿನವರು.

"ನೋಡಿ ಮೇಡಂ, ಕ್ಲೈಂಟ್‌ಗೆ ಕ್ಲೀನ್ ಮ್ಯಾಪ್ ಬೇಕು. ಅಲ್ಲೊಬ್ರು ಇಲ್ಲೊಬ್ರಿಗೆಲ್ಲ ರೂಲ್ ಚೇಂಜ್ ಮಾಡಕ್ಕಾಗಲ್ಲ."

ಸರಿ, ಉದ್ಯಮಿಯನ್ನೇ ಹಿಡಿದೆ. ಆ ಹೆಂಗಸರಿಗೆ ಹೊರಗೆ ಕಾಲಿಡಲೂ ಬಿಡುವುದಿಲ್ಲ, ವ್ಯಾನ್ ಬೇಕಾದದ್ದು ಅವರಿಗೇ ಎಂದೆ. ಪುಣ್ಯಾತ್ಮ ಏನೆಂದರು ಗೊತ್ತೇ?

"ಅಲ್ಲಿ ಕ್ಯೂ ಆಗುದಿಲ್ಲ ಬಾಯಿ. ಮತ್ತೆ ಫೋಟೋ ಎಂತದ್ದು ತೆಗೆಯುದು?"

ವ್ಯಾನ್ ಬುಸೈತೀನಿಗೆ ಹೋಯಿತು. ಕಾರಿದ್ದವರು, ಇನ್ಶೂರೆನ್ಸ್ ಇದ್ದವರು ಸಾಲಾಗಿ ನಿಂತು ಬಿಪಿ ನೋಡಿಸಿಕೊಂಡು, ಕೊಟ್ಟ ಜ್ಯೂಸ್ ಕುಡಿದು ಹೋದರು.

ಮೈಮೂನಾ ಕಸ ಹಾಕಲು ಬರುವುದು ನಿಂತಿತು. ಗಾಯ ಕೊಳೆತು, ಜ್ವರ ಏರಿ ಎಚ್ಚರ ತಪ್ಪಿದ ಮೇಲೆ ಆಸ್ಪತ್ರೆಗೆ ಸೇರಿಸಿದರಂತೆ. ನಾನು ಹೋಗುವಷ್ಟರಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿಯಾಗಿತ್ತು. ಊರಿಗೆ ಕಳಿಸಲು ಟಿಕೆಟ್ಟೂ ತಯಾರು.

ಗುಂಪಾಗಿ ಇರುವವರು ನಕ್ಷೆಯಲ್ಲಿ ಕಾಣುತ್ತಾರೆ, ಒಂದೊಂದೇ ಮನೆಯೊಳಗೆ ಸಿಕ್ಕಿಬಿದ್ದವರು ಕಾಣುವುದಿಲ್ಲ. ಖಾಲಿ ಜಾಗ ಕಂಡರೆ ಮೊದಲು ಅಲ್ಲಿಗೇ ಹೋಗಿ ನೋಡಬೇಕೆಂದು ನಾನು ಕಲಿತದ್ದು ಆ ವಾರ್ಡಿನಲ್ಲಿ. ನನ್ನ ಕೈ ಹಿಡಿದುಕೊಂಡು ಮೈಮೂನಾ ಕೇಳಿದಳು.

"ಬಾಯಿ, ನಿಮ್ಮ ಆಪೀಸಿನವರು ನನ್ನನ್ನು ಎಣಿಸಿದ್ದಾರಾ?"

"ಎಣಿಸಿದ್ದಾರೆ."

"ಹಾಗಾದ್ರೆ ವ್ಯಾನ್ ಯಾಕೆ ಬರ್ಲಿಲ್ಲ?"